ಪರದೇಶಸೇವೆಗೆ ಹೋಗಿ ತಿರುಗಿ ಬಂದವರು

ಓದತಕ್ಕ ಭಾಗ: ಅಪೊಸ್ತಲರ ಕೃತ್ಯಗಳು 13:1-5, 14:21-28.

ಈ ಕಾಲದಲ್ಲಿ ಕೆಲವು ಸಭೆಗಳವರು ತಮ್ಮ ಯೌವನಸ್ಥರನ್ನು ಹತ್ತು ಹದಿನೈದು ದಿವಸಗಳ ಮಟ್ಟಿಗೆ ಪರದೇಶಕ್ಕೆ ಸೇವೆಗಾಗಿ ಕಳುಹಿಸುವದುಂಟು. ಪರದೇಶದ ಯೌವನಸ್ಥರು ನಮ್ಮ ಗ್ರಾಮಗಳಿಗೆ ಬರುವದೂ ಉಂಟು. ಅವರು ಮಕ್ಕಳನ್ನು ಕೂಡಿಸಿ, ಕಥೆ ಹೇಳಿ, ಹಾಡು ಕಲಿಸಿ, ಕಣ್ಣೀರಿನಿಂದ ಬೀಳ್ಕೊಂಡು ಹೋಗುತ್ತಾರೆ. ಇಷ್ಟು ಅಲ್ಪಕಾಲದ ಸೇವೆಯಿಂದ ಪ್ರಯೋಜನವೇನು, ಆ ಹಣವನ್ನು ಬೇರೊಂದು ಕಾರ್ಯಕ್ಕೆ ಕೊಡಬಾರದೇ ಎಂದು ಹಿರಿಯರು ಕೇಳುವದು ನ್ಯಾಯವೇ. ಆ ಪ್ರಶ್ನೆಗೆ ಉತ್ತರವನ್ನು ಅವರು ಹೋದ ಸ್ಥಳದಲ್ಲಿ ಮಾತ್ರವಲ್ಲ, ತಿರುಗಿ ಬಂದ ಸ್ಥಳದಲ್ಲಿಯೂ ಹುಡುಕಬೇಕೆಂಬದೇ ಈ ಪಾಠದ ಸಾರ.

ಅಂತಿಯೋಕ್ಯದ ಸಭೆಯವರು ಉಪವಾಸ ಪ್ರಾರ್ಥನೆಗಳನ್ನು ಮಾಡಿ ಬಾರ್ನಬ ಸೌಲರನ್ನು ಕಳುಹಿಸಿದರು. ಅವರು ತಾವು ಬೋಧಿಸಿದ ಪಟ್ಟಣಗಳಲ್ಲಿ ಆಯಾ ಸ್ಥಳದವರನ್ನೇ ಸಭೆಯ ಹಿರಿಯರನ್ನಾಗಿ ನೇಮಿಸಿ, ಅವರನ್ನು ಕರ್ತನಿಗೆ ಒಪ್ಪಿಸಿಕೊಟ್ಟು, ಹೊರಟ ಊರಿಗೇ ತಿರುಗಿ ಬಂದರು. ಬಂದ ಮೇಲೆ ಸಭೆಯನ್ನು ಕೂಡಿಸಿ, ದೇವರು ಮಾಡಿದ ಕಾರ್ಯಗಳನ್ನು ವಿವರಿಸಿ, ಶಿಷ್ಯರ ಸಂಗಡ ಬಹುಕಾಲ ಇದ್ದರು. ತಾವು ಪಟ್ಟ ಕಷ್ಟವನ್ನಾಗಲಿ ಪಡೆದ ಮಾನವನ್ನಾಗಲಿ ಅವರು ಮುಂದಿಡಲಿಲ್ಲ ಎಂಬದನ್ನು ಗಮನಿಸಿರಿ.

ನಮ್ಮ ದೇಶದ ಸಭಾಚರಿತ್ರೆಯಲ್ಲಿಯೂ ಇದಕ್ಕೆ ಒಂದು ದೃಷ್ಟಾಂತವುಂಟು. ವೇದನಾಯಗಂ ಸಾಮುವೇಲ್ ಅಜರಯ್ಯನವರು 1874ರಲ್ಲಿ ತಿರುನೆಲ್ವೇಲಿ ಸೀಮೆಯ ಒಂದು ಹಳ್ಳಿಯಲ್ಲಿ, ಗ್ರಾಮಸಭೆಯ ಪಾಲಕರ ಮಗನಾಗಿ ಹುಟ್ಟಿದರು. ಅವರು ವೈ.ಎಂ.ಸಿ.ಎ. ಎಂಬ ಕ್ರೈಸ್ತ ಯುವಕರ ಸಂಘದ ಕಾರ್ಯದರ್ಶಿಯಾಗಿ ದಕ್ಷಿಣ ಭಾರತದ ಯೌವನಸ್ಥರಲ್ಲಿ ಸೇವೆ ಮಾಡುತ್ತಿದ್ದರು. 1902ರಲ್ಲಿ ಅವರು ಸಮುದ್ರ ದಾಟಿ, ಆಗ ಸಿಲೋನ್ ಎಂದು ಕರೆಯಲ್ಪಡುತ್ತಿದ್ದ ಶ್ರೀಲಂಕೆಯ ಜಾಫ್ನಾಕ್ಕೆ ಹೋದರು. ಹೋದದ್ದು ಬೋಧಿಸುವದಕ್ಕೆ, ಆದರೆ ಅಲ್ಲಿ ಅವರೇ ಪಾಠ ಕಲಿತರು. ಜಾಫ್ನಾದ ತಮಿಳು ಕ್ರೈಸ್ತರು ತಮ್ಮದೇ ಸಂಘವನ್ನು ಕಟ್ಟಿ, ಕಡಲಾಚೆ ಭಾರತದ ತಮಿಳು ಸೀಮೆಯಲ್ಲಿ ಸುವಾರ್ತಾಸೇವೆಯನ್ನು ನಡಿಸುತ್ತಿದ್ದರು. ತಿರುನೆಲ್ವೇಲಿಯ ಸಭೆಯಾದರೋ ಜಾಫ್ನಾದ ಸಭೆಗಿಂತ ಬಹಳ ದೊಡ್ಡದು. ಆದರೂ ಪರಸೀಮೆಯವರಿಗಾಗಿ ಇಂಥ ಸಂಘವನ್ನು ಇನ್ನೂ ಕಟ್ಟಿರಲಿಲ್ಲ. ಇದನ್ನು ನೋಡಿ ಅಜರಯ್ಯನವರ ಮನಸ್ಸಾಕ್ಷಿಗೆ ಬಲವಾದ ಪೆಟ್ಟು ಬಿತ್ತು.

ಅವರು ಆ ನಾಚಿಕೆಯನ್ನು ಮನಸ್ಸಿನಲ್ಲಿ ಮುಚ್ಚಿಡದೆ ತಮ್ಮ ಜನರ ಮುಂದೆ ಇಟ್ಟರು. 1903ನೇ ಫೆಬ್ರವರಿ 12ರಂದು ಪಾಳಯಂಕೋಟೆಯಲ್ಲಿ ಭಾರತೀಯ ಮಿಷನೆರಿ ಸಂಘವು ಸ್ಥಾಪಿತವಾಯಿತು. ಸೇವಕರೂ ಹಣವೂ ಆಡಳಿತವೂ ಭಾರತೀಯರದ್ದೇ ಆಗಿರಬೇಕೆಂದು ಗೊತ್ತುಮಾಡಿದರು. ಹೈದರಾಬಾದ್ ನಿಜಾಮರ ಸೀಮೆಯಲ್ಲಿದ್ದ ದೋರ್ನಕಲ್ಲನ್ನು ಸೇವಾಸ್ಥಳವಾಗಿ ಆರಿಸಿಕೊಂಡರು. 1909ರಲ್ಲಿ ಅಜರಯ್ಯನವರು ತಾವೇ ಅಲ್ಲಿಗೆ ಹೊರಟು, ತೆಲುಗರ ಭಾಷೆಯನ್ನು ಕಲಿತು, ಬಡವರ ನಡುವೆ ನೆಲಸಿದರು. 1912ರಲ್ಲಿ ಆಂಗ್ಲಿಕನ್ ಸಭೆಯ ಮೊದಲನೆಯ ಭಾರತೀಯ ಬಿಷಪರಾಗಿ, 1945ರಲ್ಲಿ ಮರಣಹೊಂದುವ ವರೆಗೂ ಆ ಸೇವೆಯನ್ನು ಬಿಡಲಿಲ್ಲ. ಒಂದು ಅಲ್ಪಕಾಲದ ಪ್ರಯಾಣದಲ್ಲಿ ಬಿದ್ದ ಬೀಜದ ಬೆಳೆಯನ್ನು ನೋಡಿರಿ!

ಆದಕಾರಣ ನಾವು ನಮ್ಮ ಯೌವನಸ್ಥರಿಗೆ ಮೂರು ಬುದ್ಧಿವಾದಗಳನ್ನು ಹೇಳಬೇಕು. ಮೊದಲನೆಯದು, ಹೊರಡುವದಕ್ಕೆ ಮುಂಚೆ ಅಲ್ಲಿಯ ಸಭೆಯವರಿಗೆ ಏನು ಬೇಕೆಂದು ಕೇಳಿರಿ. ನೀವು ಕೊಡಬೇಕೆಂದಿರುವದು ಅವರಿಗೆ ಬೇಡವಾಗಿರಬಹುದು. ಎರಡನೆಯದು, ಉಪಕಾರಿಗಳಾಗಿ ಅಲ್ಲ, ಸ್ನೇಹಿತರಾಗಿ ಹೋಗಿರಿ. 1910ರಲ್ಲಿ ಎಡಿನ್‌ಬರೋ ಪಟ್ಟಣದ ಮಿಷನೆರಿ ಮಹಾಸಭೆಯಲ್ಲಿ ಅಜರಯ್ಯನವರು ಪಾಶ್ಚಾತ್ಯರ ತ್ಯಾಗವನ್ನು ಒಪ್ಪಿಕೊಂಡು, ತಮಗೆ ಸ್ನೇಹಿತರೂ ಬೇಕೆಂದು ಬಿಚ್ಚುಮನಸ್ಸಿನಿಂದ ಬೇಡಿದರು. ನಾವು ಇನ್ನೊಬ್ಬರ ದೇಶಕ್ಕೆ ಹೋಗುವಾಗ ಆ ಬೇಡಿಕೆಯು ನಮಗೂ ಸಲ್ಲುತ್ತದೆ. ಅಲ್ಲಿಯ ಮಕ್ಕಳಿಗೆ ನಡಿಸಲಾಗದ ಮಾತನ್ನು ಕೊಡಬಾರದು. ನಾವು ಮರೆತರೂ ಮಗುವು ಮರೆಯದು. ಮೂರನೆಯದು, ಅಲ್ಲಿ ಕಂಡ ಒಳ್ಳೇದನ್ನು ಮನೆಗೆ ತಂದು ಅದರಂತೆ ನಡೆಯಿರಿ.

ಕಳುಹಿಸಿದ ಸಭೆಗೂ ಕರ್ತವ್ಯವುಂಟು. ಬಂದವರಿಗೆ ಹಾರ ಹಾಕಿ, ಭಾವಚಿತ್ರಗಳನ್ನು ನೋಡಿ ಎದ್ದುಹೋಗಬಾರದು. ಯಾವದಕ್ಕಾಗಿ ನಾಚಿದಿರಿ, ಯಾರಿಂದ ಕಲಿತಿರಿ, ಇನ್ನು ಇಲ್ಲಿ ಏನು ಮಾಡುವಿರಿ ಎಂದು ಪ್ರೀತಿಯಿಂದ ಕೇಳಬೇಕು. ದೂರದ ದ್ವೀಪದ ಮಗುವಿನ ಹೆಸರನ್ನು ಬಲ್ಲವನು ತನ್ನ ಬೀದಿಯ ಕೊನೆಯ ಮನೆಯ ಮಗುವಿನ ಹೆಸರನ್ನು ಅರಿಯದಿದ್ದರೆ ಅವನ ಪ್ರಯಾಣವು ಇನ್ನೂ ಮುಗಿದಿಲ್ಲ. ಕರ್ತನು ನಮ್ಮ ಯೌವನಸ್ಥರನ್ನು ಹೋಗುವಾಗಲೂ ಬರುವಾಗಲೂ ಕಾಪಾಡಲಿ.

ಆಲೋಚಿಸತಕ್ಕ ಪ್ರಶ್ನೆಗಳು:
1. ಪೌಲ ಬಾರ್ನಬರು ತಿರುಗಿ ಬಂದಾಗ ಸಭೆಯನ್ನು ಏಕೆ ಕೂಡಿಸಿದರು?
2. ನಮಗಿಂತ ಚಿಕ್ಕ ಸಭೆಯಿಂದ ನಾವು ಕಲಿಯತಕ್ಕದ್ದೇನು?
3. ನಮ್ಮ ಊರಿನಲ್ಲಿ ಯಾರೂ ಸ್ನೇಹ ಮಾಡದೆ ಬಿಟ್ಟಿರುವ ಯೌವನಸ್ಥರು ಯಾರು?