ಒಂದು ನುಡಿ, ಎರಡು ಅರ್ಥ

ಒಂದೇ ಮಾತಿನಲ್ಲಿ ಎರಡು ಅರ್ಥಗಳು ಬೆಸೆದುಕೊಂಡಿರುವುದನ್ನು ನಮ್ಮ ಆಲಂಕಾರಿಕರು ಶ್ಲೇಷೆ ಎಂದು ಕರೆದಿದ್ದಾರೆ. ಪದವನ್ನು ಒಡೆಯದೆಯೇ ಎರಡರ್ಥ ಹೊರಟರೆ ಅದು ಅಭಂಗಶ್ಲೇಷೆ. ಒಡೆದಾಗ ಹೊರಟರೆ ಸಭಂಗಶ್ಲೇಷೆ. 'ಮೆಟ್ಟಿಲು ಹತ್ತು' ಎಂಬ ಮಾತನ್ನು ನೋಡಿರಿ. ಅದನ್ನು ಕೇಳಿ ಒಬ್ಬನು ಏರತೊಡಗುತ್ತಾನೆ, ಇನ್ನೊಬ್ಬನು ಎಣಿಸತೊಡಗುತ್ತಾನೆ. ನಗೆ ಹುಟ್ಟುವುದು ಇಲ್ಲಿಯೇ.

ಇಂದು ಮೊಬೈಲಿನಲ್ಲಿ ಹರಿದಾಡುವ ಅನೇಕ ಮೀಮ್‌ಗಳ ಜೀವಾಳವೂ ಇದೇ. 'ಮೀಮ್' ಎಂಬ ಪದವನ್ನು 1976ರಲ್ಲಿ ಟಂಕಿಸಿದವರು ಜೀವವಿಜ್ಞಾನಿ ರಿಚರ್ಡ್ ಡಾಕಿನ್ಸ್. ಅನುಕರಣೆಯ ಮೂಲಕ ಮನಸ್ಸಿನಿಂದ ಮನಸ್ಸಿಗೆ ದಾಟುವ ವಿಚಾರವೆಂಬುದು ಅವರ ವಿವಕ್ಷೆಯಾಗಿತ್ತು. ಈಗಿನ ಮೀಮಿನಲ್ಲಿ ಬರಹವು ಒಂದರ್ಥವನ್ನು ಹೇಳಿದರೆ ಚಿತ್ರವು ಇನ್ನೊಂದನ್ನು ತೋರಿಸುತ್ತದೆ.

ಬೆಳಗಾವಿಯ ವಡಗಾವಿಯಂಥ ನೇಕಾರರ ಬಡಾವಣೆಯಲ್ಲಿ ಈ ವಿನೋದಕ್ಕೆ ಮತ್ತೊಂದು ಮಗ್ಗುಲುಂಟು. ಇಲ್ಲಿ ಕನ್ನಡ ಮರಾಠಿಗಳು ಹಾಸುಹೊಕ್ಕಾಗಿವೆ. ಮರಾಠಿಯಲ್ಲಿ 'ಹಲ್ಲೀ' ಎಂದರೆ 'ಈಚೆಗೆ'. ಆ ನುಡಿಯರಿಯದ ಕನ್ನಡಿಗನು ಗೋಡೆಯ ಮೇಲೆ ಹಲ್ಲಿಯನ್ನು ಹುಡುಕುತ್ತಾನೆ. 'ಏನು' ಎಂಬರ್ಥದಲ್ಲಿ 'ಕಾಯ್' ಎಂದು ಅವನು ಕೇಳಿದರೆ ಇವನು ಕಾಯುತ್ತ ನಿಲ್ಲುತ್ತಾನೆ. ಎರಡೂ ನುಡಿಗಳನ್ನು ಬಲ್ಲವನಿಗೆ ಮಾತ್ರ ಈ ನಗೆ ದಕ್ಕುವುದು. ಭಾಷೆಯ ಹೆಸರಿನಲ್ಲಿ ಹಲವು ಬಾರಿ ಮನಸ್ತಾಪ ಕಂಡ ನಗರದಲ್ಲಿ ಇಬ್ಬರೂ ಕೂಡಿ ನಕ್ಕರೆ ಅದು ಸಣ್ಣ ಸಂಗತಿಯಲ್ಲ.

ಆದರೆ ಅದೇ ಹಲ್ಲಿಯನ್ನು ನೆರೆಯವನ ನುಡಿಯನ್ನು ಹೀಯಾಳಿಸಲು ಬಳಸಿದರೆ ನಗೆಯು ಹಗೆಯಾಗುತ್ತದೆ. ಎದುರಿಗೆ ಆಡಿದ ಮಾತಿನೊಡನೆ ಆಡಿದವನ ಮುಖಭಾವವೂ ದನಿಯೂ ಇರುತ್ತವೆ. ಮೀಮಿಗೆ ಆ ಬೆಂಬಲವಿಲ್ಲ. ಅದು ಯಾರ ಕೈಗೆ ಸೇರುವುದೋ, ಯಾವ ಅರ್ಥ ಪಡೆಯುವುದೋ ತಿಳಿಯದು. ಆದುದರಿಂದ ಕಳುಹಿಸುವ ಮುನ್ನ, ನಾವು ಯಾರನ್ನು ಕುರಿತು ನಗುತ್ತಿರುವೆವೋ ಅವರೂ ನಮ್ಮೊಡನೆ ನಗಬಲ್ಲರೇ ಎಂದು ಕೇಳಿಕೊಳ್ಳುವುದು ಲೇಸು.