ಕೇಳಿದ ಕಥೆ, ಕೆತ್ತಿದ ಕಲ್ಲು

ಇವತ್ತಿನ ವಾಕ್ಯಭಾಗ ವಿಮೋಚನಕಾಂಡ 20:16. ನೆರೆಯವನ ಮೇಲೆ ಸುಳ್ಳುಸಾಕ್ಷಿ ಹೇಳಬೇಡ ಅನ್ನೋ ಆಜ್ಞೆ. ಎಂಟುನೂರು ವರ್ಷದ ಹಿಂದೆ ಸತ್ತುಹೋದವರಿಗೂ ಈ ಆಜ್ಞೆ ಅನ್ವಯಿಸುತ್ತಾ? ಯೋಚನೆ ಮಾಡಿ.

ನಿಮ್ಮಲ್ಲಿ ಕೆಲವರ ಅಜ್ಜಿ-ತಾತ ಕೆಂಚಾರ್ಲಹಳ್ಳಿ ಕಡೆಯವರು. ಅದೇ ಚಿಂತಾಮಣಿ ತಾಲ್ಲೂಕಿನ ಕೈವಾರದ ಬೆಟ್ಟದಲ್ಲಿ ಭೀಮ ಬಕಾಸುರನನ್ನ ಕೊಂದ ಅಂತ ಹೇಳ್ತಾರೆ. ಅದು ಐತಿಹ್ಯ. ಐತಿಹ್ಯ ಅಂತ ಕೇಳಿದ್ರೆ ಯಾರಿಗೂ ನಷ್ಟವಿಲ್ಲ. ಆದರೆ ನಿಜವಾಗಿ ಬದುಕಿದ್ದ ಜನರ ಮೇಲೆ ಕಥೆ ಕಟ್ಟಿದಾಗ?

ಕಾಳಾಮುಖರನ್ನ ತಗೊಳ್ಳಿ. ಮಧ್ಯಯುಗದ ಒಂದು ಶೈವ ಪಂಥ. ನಮ್ಮ ನಂದಿ ಬೆಟ್ಟದಲ್ಲೂ ಅವರಿದ್ದರು ಅಂತ 9ನೇ ಶತಮಾನದ ಆರಂಭದ ತಾಮ್ರಶಾಸನ ಹೇಳುತ್ತೆ. ಇವರು ತಲೆಬುರುಡೆಯಲ್ಲಿ ಉಣ್ಣುವವರು, ಹೆಣದ ಬೂದಿ ಬಳಿದುಕೊಳ್ಳುವವರು ಅಂತ ಬರೆದವರು ಯಾರು? ಶ್ರೀಭಾಷ್ಯದಲ್ಲಿ ರಾಮಾನುಜಾಚಾರ್ಯರು. ಅವರು ಆ ಮತವನ್ನ ಖಂಡಿಸುತ್ತಿದ್ದವರು. ನರಬಲಿಯ ಕಥೆಯೋ, ಕಾಪಾಲಿಕರು ಅನ್ನೋ ಬೇರೆ ಪಂಥದ್ದು. ಅದೂ ಭವಭೂತಿಯ ಮಾಲತೀಮಾಧವದಂಥ ನಾಟಕಗಳಲ್ಲಿ ಬರೋದು. ನಾಟಕದ ಖಳನಾಯಕ ಸಾಕ್ಷಿಯಾಗ್ತಾನಾ? ಈ ಎರಡು ಪಂಥಗಳನ್ನ ಒಂದಕ್ಕೊಂದು ಬೆರೆಸಿಬಿಟ್ಟಿದ್ದಾರೆ ಅಂತ ಇತಿಹಾಸಕಾರ ಡೇವಿಡ್ ಲೊರೆಂಜನ್ 1972ರ ತಮ್ಮ ಪುಸ್ತಕದಲ್ಲಿ ವಾದಿಸಿದರು.

ಈಗ ಕಲ್ಲನ್ನ ಕೇಳೋಣ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯಲ್ಲಿ ಕಾಳಾಮುಖರ ಕೋಡಿಯಮಠ ಇತ್ತು. 1162ರ ಶಾಸನದ ಪ್ರಕಾರ ಅಲ್ಲಿ ವೇದ, ವ್ಯಾಕರಣ, ನ್ಯಾಯ, ಸಾಂಖ್ಯ, ಬೌದ್ಧ ದರ್ಶನ ಕೂಡ ಕಲಿಸುತ್ತಿದ್ದರು. ಬಡವರಿಗೆ, ಕುರುಡರಿಗೆ, ಕುಂಟರಿಗೆ ಅನ್ನ, ರೋಗಿಗಳಿಗೆ ಔಷಧಿ. ಹಾಗಂತ ಶಾಸನದ ಮಾತೆಲ್ಲ ಚಿನ್ನ ಅಂತಲ್ಲ. ದಾನ ಕೊಟ್ಟವರ ಕಡೆಯವರು ಬರೆಸಿದ್ದು, ಹೊಗಳಿಕೆ ಇದ್ದೇ ಇರುತ್ತೆ. ಆದರೂ ಅದು ಆ ಕಾಲದ್ದೇ, ಆ ಜಾಗದ್ದೇ ದಾಖಲೆ.

ಪ್ರಿಯರೇ, ಇದೇ ಅಪವಾದ ನಮ್ಮ ಮೇಲೂ ಬಂದಿತ್ತು. ಎರಡನೇ ಶತಮಾನದ ರೋಮ್ ಸಾಮ್ರಾಜ್ಯದಲ್ಲಿ, ಕ್ರೈಸ್ತರು ಮಕ್ಕಳನ್ನ ಕೊಂದು ತಿನ್ನುತ್ತಾರೆ ಅಂತ ಸುದ್ದಿ ಹಬ್ಬಿತ್ತು. ಸುಮಾರು 112ರಲ್ಲಿ ಅಧಿಪತಿ ಪ್ಲಿನಿ ವಿಚಾರಣೆ ಮಾಡಿದಾಗ ಅವನಿಗೆ ಗೊತ್ತಾಗಿದ್ದು, ಅವರು ಉಣ್ಣೋದು ಸಾಧಾರಣ ಊಟ ಅಂತ. ನಮ್ಮ ಪೂರ್ವಿಕರು ಇಂಥ ಸುಳ್ಳಿಗೆ ಜೀವ ತೆತ್ತಿದ್ದಾರೆ. ನಾವು ಇನ್ನೊಬ್ಬರ ಮೇಲೆ ಅದೇ ಹೊರಿಸೋಣವಾ?

ಹಾಗಾದ್ರೆ ರೀಲ್ಸ್ ಫಾರ್ವರ್ಡ್ ಮಾಡೋ ಮುಂಚೆ ಮೂರು ಪ್ರಶ್ನೆ ಕೇಳಿ. ಇದನ್ನ ಹೇಳಿದವರು ಯಾರು? ಆ ಕಾಲದವರಾ, ಆಮೇಲೆ ಬಂದವರಾ? ಅವರ ಸ್ನೇಹಿತರಾ, ವಿರೋಧಿಗಳಾ?

"ಪಾಸ್ಟರ್, ಸುವಾರ್ತೆಗೋಸ್ಕರ ತಾನೇ?" ಅಂತೀರಾ? ಯೋಬ 13:7 ಓದಿ. ದೇವರ ಪರವಾಗಿ ಸುಳ್ಳಾಡ್ತೀರಾ ಅಂತ ಯೋಬ ತನ್ನ ಸ್ನೇಹಿತರನ್ನ ಕೇಳ್ತಾನೆ. ಪೌಲನೂ ಅಥೇನೆಯಲ್ಲಿ ಮೊದಲು ಸುತ್ತಾಡಿ ನೋಡಿದ, ಆಮೇಲೆ ಮಾತಾಡಿದ. ನಮ್ಮ ಕರ್ತನು ಸತ್ಯವೇ ಆಗಿದ್ದಾನೆ. ಆತನಿಗೆ ಸುಳ್ಳಿನ ಆಸರೆ ಬೇಕಿಲ್ಲ.

ಪ್ರಾರ್ಥಿಸೋಣ. ತಂದೆಯೇ, ನಮ್ಮ ನಾಲಿಗೆಯನ್ನೂ ನಮ್ಮ ಬೆರಳುಗಳನ್ನೂ ಕಾಯಿ. ಯೇಸುವಿನ ನಾಮದಲ್ಲಿ, ಆಮೆನ್.