ಸ್ಟೀಲು ಪಾತ್ರೆ ಚುಕ್ಕೆ ಚುಕ್ಕೆಯಾಗಿ ತೂತು ಬೀಳುವುದೇಕೆ?

ಹನಿ ನೀರಾವರಿಗೆಂದು ಪೊಟ್ಯಾಷ್ ಕರಗಿಸುತ್ತಿದ್ದ ಸ್ಟೀಲು ಡ್ರಮ್ಮನ್ನು ಸದಸ್ಯರೊಬ್ಬರು ಸಂಘದ ಕಚೇರಿಗೆ ತಂದು ತೋರಿಸಿದರು. ಮೈಯೆಲ್ಲ ಹೊಸದರಂತೆ ಹೊಳೆಯುತ್ತಿದೆ. ತಳದಲ್ಲಿ ಮಾತ್ರ ಸಾಸಿವೆ ಕಾಳಿನಂಥ ಕಪ್ಪು ಚುಕ್ಕೆಗಳು, ಒಂದೆರಡು ಆರಪಾರ. ಅಂಗಡಿಯಲ್ಲಿ ಮೋಸವಾಯಿತೇ ಎಂದು ಅವರ ಪ್ರಶ್ನೆ. ಮೋಸವೇ ಇರಬೇಕೆಂದಿಲ್ಲ.

ಈ ಉಕ್ಕಿಗೆ ತುಕ್ಕು ಹಿಡಿಯದಂತೆ ಕಾಯುವುದು ಅದರಲ್ಲಿನ ಕ್ರೋಮಿಯಂ. ಅದು ಶೇಕಡಾ 10.5ರಷ್ಟಾದರೂ ಇದ್ದರೆ, ಆಮ್ಲಜನಕದೊಡನೆ ಕೂಡಿ ಮೈಮೇಲೆ ಪೊರೆ ಕಟ್ಟುತ್ತದೆ. ಪೊರೆಯ ದಪ್ಪ ಒಂದು ಮಿಲಿಮೀಟರಿನ 10 ಲಕ್ಷ ಪಾಲಿನಲ್ಲಿ ಕೆಲವೇ ಪಾಲು. ಗೀರು ಬಿದ್ದರೂ ತಾನೇ ಮತ್ತೆ ಕೂಡಿಕೊಳ್ಳುತ್ತದೆ.

ಇದರ ಶತ್ರು ಕ್ಲೋರೈಡು. ಅಡಿಗೆ ಉಪ್ಪು ಸೋಡಿಯಂ ಕ್ಲೋರೈಡು. ನಾವು ತೋಟಕ್ಕೆ ಹಾಕುವ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಪೊಟ್ಯಾಸಿಯಂ ಕ್ಲೋರೈಡು, ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಕ್ಲೋರಿನ್ನೇ. ಇದು ಪೊರೆಯನ್ನೆಲ್ಲ ಒಮ್ಮೆಗೇ ಕೀಳುವುದಿಲ್ಲ. ಬೆಸುಗೆಯ ಅಂಚು, ಮಡ್ಡಿ ಕುಳಿತ ತಳ, ಉಕ್ಕಿನೊಳಗೇ ಉಳಿದ ಗಂಧಕದ ಕಣ, ಇಂಥ ಬಲಹೀನ ಜಾಗ ಹಿಡಿದು ಒಂದು ಸಣ್ಣ ಗುಳಿ ಮಾಡುತ್ತದೆ. ಮುಂದಿನದೇ ಅಪಾಯ. ಗುಳಿಯೊಳಗೆ ಆಮ್ಲಜನಕ ಸಾಕಷ್ಟು ಇಳಿಯದು, ಪೊರೆ ಮತ್ತೆ ಕಟ್ಟದು. ಕರಗಿದ ಲೋಹವು ಹೊರಗಿನ ಕ್ಲೋರೈಡನ್ನು ಒಳಕ್ಕೆ ಸೆಳೆಯುತ್ತದೆ, ನೀರಿನೊಡನೆ ಸೇರಿ ಆಮ್ಲ ಹುಟ್ಟಿಸುತ್ತದೆ. ಡ್ರಮ್ಮಿನ ನೀರು ಹುಳಿಯಾಗಿರದಿದ್ದರೂ ಗುಳಿಯೊಳಗೆ ಹೈಡ್ರೋಕ್ಲೋರಿಕ್ ಆಮ್ಲ ತುಂಬಿದಂತೆಯೇ ಸರಿ. ಮೇಲಾಗಿ, ಗುಳಿಯೂ ಸುತ್ತಲಿನ ಮೈಯೂ ಬ್ಯಾಟರಿಯ ಎರಡು ತುದಿಗಳಂತೆ ವರ್ತಿಸುವುದರಿಂದ, ಅಷ್ಟು ದೊಡ್ಡ ಮೈಯ ಪರವಾಗಿ ಆ ಒಂದು ಚುಕ್ಕೆಯೇ ಕರಗಬೇಕಾಗುತ್ತದೆ. ಕಬ್ಬಿಣದ ಬಾಂಡಲೆ ಎಲ್ಲೆಡೆ ಸವೆಯುತ್ತ ವರ್ಷಗಟ್ಟಲೆ ಬಾಳುತ್ತದೆ. ಸ್ಟೀಲು ಹೊಳೆಯುತ್ತಲೇ ತೂತಾಗುತ್ತದೆ.

ಆದುದರಿಂದ ಪೊಟ್ಯಾಷನ್ನು ಪ್ಲಾಸ್ಟಿಕ್ ಡ್ರಮ್ಮಿನಲ್ಲೇ ಕರಗಿಸತಕ್ಕದ್ದು. ಸ್ಟೀಲಿನಲ್ಲಿ ಕರಗಿಸಲೇಬೇಕಾದರೆ ರಾತ್ರಿ ಉಳಿಸದೆ ಆಗಲೇ ತೊಳೆದು ಒಣಗಿಸಬೇಕು. ಮನೆಯಲ್ಲಿ ತಣ್ಣೀರಿಗೆ ಕಲ್ಲುಪ್ಪು ಸುರಿದು ಒಲೆಯ ಮೇಲಿಟ್ಟರೆ ಹರಳು ತಳದಲ್ಲಿ ಕುಳಿತು ಅಲ್ಲಿಯೇ ಚುಕ್ಕೆ ಏಳುತ್ತದೆ. ನೀರು ಕುದಿದ ಮೇಲೆ ಹಾಕಿ ಕದಡುವುದು ಲೇಸು. ಉಪ್ಪಿನಕಾಯಿಗಂತೂ ಅಜ್ಜಿಯರ ಭರಣಿಯೇ ಸೈ.

ಹೊಸದಾಗಿ ಕೊಳ್ಳುವವರಿಗೆ ಒಂದು ಮಾತು. 304 ಎಂಬ ದರ್ಜೆಯಲ್ಲಿ ಸುಮಾರು ಶೇಕಡಾ 18 ಕ್ರೋಮಿಯಂ, 8 ನಿಕಲ್ ಇರುತ್ತದೆ. 316ರಲ್ಲಿ 2ರಿಂದ 3 ಭಾಗ ಮಾಲಿಬ್ಡಿನಂ ಸೇರಿರುವುದರಿಂದ ಕ್ಲೋರೈಡಿಗೆ ಹೆಚ್ಚು ತಡೆಯುತ್ತದೆ, ಬೆಲೆಯೂ ಹೆಚ್ಚು. ನಿಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಹೆಚ್ಚಿಸಿದ 202 ಅಗ್ಗ, ತಡೆಯುವ ಶಕ್ತಿಯೂ ಕಡಿಮೆ. ಅಯಸ್ಕಾಂತ ಹಿಡಿದು ಪರೀಕ್ಷಿಸುವ ವಾಡಿಕೆಯಿಂದ ಇಲ್ಲಿ ಪ್ರಯೋಜನವಿಲ್ಲ. 202ಕ್ಕೂ 304ಕ್ಕೂ ಅದು ಸಾಮಾನ್ಯವಾಗಿ ಅಂಟುವುದಿಲ್ಲ. ದರ್ಜೆಯನ್ನು ಬಿಲ್ಲಿನಲ್ಲೇ ಬರೆಸಿಕೊಳ್ಳಿರಿ.